ಪುಸ್ತಕ ಮುಚ್ಚು, ಈಗ ಹೇಳು

ಇಲ್ಲಿ ಏನಾದರೂ ಬರೆದು ಬಹಳ ದಿನ ಆಯ್ತು. ಆಫೀಸು, ಊರಿಗೂ ಬೆಂಗಳೂರಿಗೂ ಓಡಾಟ, ಜೊತೆಗೆ ಸೋಮಾರಿತನ... ಕಾರಣಗಳಿಗೇನು ಬರ? ಇವತ್ತು ಬರೆಯಲೇಬೇಕು ಅನಿಸಿದ್ದು ಒಂದು ಕರಪತ್ರದಿಂದಾಗಿ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಹಾಲು ತರಲು ಇಳಿದರೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಇಬ್ಬರು ಟೇಬಲ್ ಹಾಕಿಕೊಂಡು ಕೂತಿದ್ದರು. ಬಣ್ಣಬಣ್ಣದ ಕರಪತ್ರ, ಅದರ ಮೇಲೆ ದೀಪಾವಳಿ ಸರದ ಹಾಗೆ ಹೊಳೆಯುವ ಮಿದುಳಿನ ಚಿತ್ರ. ನಿಮ್ಮ ಮಗು ಮಿದುಳಿನ ಶೇಕಡಾ 10ರಷ್ಟನ್ನು ಮಾತ್ರ ಬಳಸುತ್ತಿದೆ, ಉಳಿದ 90 ಭಾಗವನ್ನು ಎರಡೇ ದಿನದಲ್ಲಿ ಎಚ್ಚರಿಸುತ್ತೇವೆ ಅಂತ ಒಕ್ಕಣೆ. ಮಧ್ಯ ಮಿದುಳು ಎಚ್ಚರವಾದ ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದುತ್ತಾರಂತೆ, ಬಣ್ಣ ಗುರುತಿಸುತ್ತಾರಂತೆ. ಶಿಬಿರದ ಶುಲ್ಕ 18,000 ರೂಪಾಯಿ ಮಾತ್ರ. (ಆ ‘ಮಾತ್ರ’ ಅವರದ್ದು, ನನ್ನದಲ್ಲ!)

ಬೇರೆ ದಿನವಾಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದೆ. ಆದರೆ ಹಿಂದಿನ ದಿನವಷ್ಟೇ ಮಗಳು ವಿಜ್ಞಾನ ಟೆಸ್ಟಿನ ಪೇಪರ್ ಸಹಿಗೆ ತಂದಿದ್ದಳು. 25ಕ್ಕೆ 9. ಅವಳೇನು ಓದದ ಹುಡುಗಿಯಲ್ಲ. ಒಂಬತ್ತನೇ ಕ್ಲಾಸಿಗೆ ಬಂದ ಮೇಲಂತೂ ರಾತ್ರಿ ಹನ್ನೊಂದರ ತನಕ ಪುಸ್ತಕದ ಮುಂದೆಯೇ ಇರುತ್ತಾಳೆ. ಸಹಿ ಹಾಕುವಾಗ ಅವಳು "ನಂಗೆ ತಲೆ ಇಲ್ಲ ಅಪ್ಪಾ" ಅಂದಿದ್ದಳು. ಅಳಲಿಲ್ಲ, ಸುಮ್ಮನೆ ಒಂದು ಸಂಗತಿ ತಿಳಿಸುವ ಹಾಗೆ ಹೇಳಿದಳು. ಆ ಮಾತು ನನ್ನನ್ನು ರಾತ್ರಿಯಿಡೀ ಕೊರೆದಿತ್ತು. ಹಾಗಾಗಿ ಫಾರ್ಮ್ ಇಸ್ಕೊಂಡು ಮೇಲೆ ಬಂದೆ. ನಿಜ ಹೇಳ್ತೀನಿ, ಪೆನ್ನನ್ನೂ ತೆಗೆದಿದ್ದೆ.

ಹೆಂಡತಿ ಕರಪತ್ರ ಓದಿ, "ರೀ, ಎರಡು ದಿನದಲ್ಲಿ ಮಿದುಳು ಸರಿ ಮಾಡ್ತಾರೆ ಅಂದ್ರೆ ಮೊದಲು ನೀವೇ ಹೋಗಿ ಬನ್ನಿ" ಅಂದಳು. ಅಲ್ಲಿಗೆ ಆ ಫಾರ್ಮ್ ದಿನಸಿ ಪಟ್ಟಿ ಬರೆಯಲು ಬಳಕೆಯಾಯಿತು.

ಮೊದಲು ಈ 10 ಪರ್ಸೆಂಟ್ ವಿಷಯ ಮುಗಿಸಿಬಿಡೋಣ. ಮನುಷ್ಯನ ಮಿದುಳಿನ ತೂಕ ಸುಮಾರು 1.3ರಿಂದ 1.4 ಕಿಲೋ. ದೇಹದ ತೂಕದ ನೂರರಲ್ಲಿ ಎರಡು ಪಾಲು ಅಷ್ಟೇ. ಆದರೆ ಸುಮ್ಮನೆ ಕೂತಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು 20 ಪಾಲನ್ನು ಅದೊಂದೇ ನುಂಗುತ್ತದೆ. ಹತ್ತರಲ್ಲಿ ಒಂಬತ್ತು ಭಾಗ ಸದಾ ಮಲಗಿರುವ ಆಳಿಗೆ ಯಾವ ಯಜಮಾನ ಇಷ್ಟು ಕೂಲಿ ಕೊಟ್ಟಾನು? ಸ್ಕ್ಯಾನ್ ಮಾಡಿ ನೋಡಿದರೆ ನಾವು ನಿದ್ದೆ ಮಾಡುವಾಗಲೂ ಮಿದುಳಿನ ಎಲ್ಲಾ ಭಾಗಗಳಲ್ಲೂ ಚಟುವಟಿಕೆ ಕಾಣುತ್ತದೆ. ಸ್ಟ್ರೋಕ್ ಆಗಿ ಒಂದು ಸಣ್ಣ ಭಾಗ ಸತ್ತರೆ ಮಾತು ಹೋಗುತ್ತದೆ, ಕೈ ಬೀಳುತ್ತದೆ. ಬಳಸದೆ ಬಿದ್ದಿರುವ 90 ಭಾಗ ಅನ್ನೋದು ಎಲ್ಲಿದೆ?

ಇನ್ನು ಮಧ್ಯ ಮಿದುಳು. ಅದು ನಿಜಕ್ಕೂ ಇದೆ, ಹುಟ್ಟಿದಾಗಿನಿಂದ ಎಚ್ಚರವಾಗಿಯೇ ಇದೆ. ಕಣ್ಣುಗುಡ್ಡೆ ಹೊರಳಿಸುವುದು, ಸದ್ದಾದ ಕಡೆ ತಲೆ ತಿರುಗಿಸುವುದು ಇಂಥ ಕೆಲಸಗಳು ಅದರವು. ಕಣ್ಣು ಕಟ್ಟಿ ಓದಿಸುವ ಕೆಲಸ ಅದರದ್ದಲ್ಲ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದರ ಗುಟ್ಟನ್ನು ವರ್ಷಗಳಿಂದ ಬಯಲು ಮಾಡುತ್ತಾ ಬಂದಿದ್ದಾರೆ. ಮೂಗಿನ ಪಕ್ಕದ ಸಂದಿಯಿಂದ ಮಕ್ಕಳು ಕೆಳಗೆ ನೋಡುತ್ತಾರೆ, ಅಷ್ಟೇ. ನಾವು ಚಿಕ್ಕವರಿದ್ದಾಗ ಕಣ್ಣಾಮುಚ್ಚಾಲೆ ಆಡುವಾಗ ಮಾಡುತ್ತಿದ್ದ ಅದೇ ಮೋಸ. ನನಗೆ ಸಿಟ್ಟು ಬರೋದು ದುಡ್ಡಿನ ಬಗ್ಗೆ ಅಲ್ಲ. ಎಂಟು-ಹತ್ತು ವರ್ಷದ ಮಗುವಿಗೆ, ಅಪ್ಪ-ಅಮ್ಮ ಎದುರಿಗೆ ಕೂತು ಚಪ್ಪಾಳೆ ತಟ್ಟುವಾಗ, ‘ನನಗೆ ಸಂದಿಯಿಂದ ಕಾಣಿಸ್ತಿದೆ’ ಅಂತ ಹೇಳಲಾಗದ ಹಾಗೆ ಮಾಡಿಡುತ್ತಾರಲ್ಲ, ಅದರ ಬಗ್ಗೆ.

ಅಂದ ಹಾಗೆ, ಮಿದುಳು ನೋಡಬೇಕು ಅಂದರೆ ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಮ್ಮಿಗೆ ಹೋಗಿ. ಹಿಂದೆ ನಾನೂ ಮಗಳೂ ಹೋಗಿದ್ದೆವು. ಅಲ್ಲಿ ನಿಜವಾದ ಮಿದುಳನ್ನೇ ಕೈಯಲ್ಲಿ ಹಿಡಿಯಲು ಕೊಡುತ್ತಾರೆ. ರಾಸಾಯನಿಕದಲ್ಲಿ ಇಟ್ಟು ಗಟ್ಟಿಯಾದದ್ದು. ತಲೆಬುರುಡೆಯೊಳಗೆ ಇರುವಾಗ ಬೆಣ್ಣೆಯ ಹಾಗೆ ಮೆತ್ತಗಿರುತ್ತದಂತೆ. ಒಬ್ಬ ಮನುಷ್ಯನ ಮದುವೆ, ಸಾಲ, ಮಗ್ಗಿ, ತಾಯಿಯ ಮುಖ ಎಲ್ಲಾ ಒಂದು ಕಾಲದಲ್ಲಿ ಇದರೊಳಗೇ ಇತ್ತಲ್ಲ ಅನಿಸಿ ನನ್ನ ಕೈ ನಡುಗಿತು. ಮಗಳು ಮಾತ್ರ ಆರಾಮವಾಗಿ ತಿರುಗಿಸಿ ಮುರುಗಿಸಿ ನೋಡಿದಳು.

ಸರಿ, ಮಿದುಳು ಪೂರ್ತಿ ಕೆಲಸ ಮಾಡುತ್ತಿದೆ, ಹುಡುಗಿ ಹನ್ನೊಂದರ ತನಕ ಓದುತ್ತಾಳೆ, ಆದರೂ 9 ಯಾಕೆ?

ಅವತ್ತು ಸಂಜೆ ಅವಳು ಓದುವಾಗ ಪಕ್ಕದಲ್ಲಿ ಕೂತು ಸುಮ್ಮನೆ ನೋಡಿದೆ. ಅಂಗಾಂಶಗಳ ಪಾಠ. ಪುಟದ ತುಂಬಾ ಹಳದಿ ಹೈಲೈಟರ್, ಅದರ ಮೇಲೆ ಗುಲಾಬಿ. ಇನ್ನೂ ಹಚ್ಚದೆ ಉಳಿದ ಸಾಲುಗಳೇ ಮುಖ್ಯವಾದವೇನೋ ಅನ್ನೋ ಹಾಗಿತ್ತು :-) ಒಂದು ಸಲ ಓದಿದಳು, ಎರಡನೇ ಸಲ ಓದಿದಳು, ಮೂರನೇ ಸಲ ತಲೆಯಾಡಿಸುತ್ತಾ ಓದಿದಳು. "ಆಯ್ತಾ?" ಅಂದೆ. "ಆಯ್ತು, ಎಲ್ಲಾ ಗೊತ್ತು." ಪುಸ್ತಕ ಇಸ್ಕೊಂಡು ಮುಚ್ಚಿದೆ. "ಜೈಲಂ ಏನು ಮಾಡುತ್ತೆ, ಫ್ಲೋಯಂ ಏನು ಮಾಡುತ್ತೆ?" ಬಾಯಿ ತೆರೆದಳು, ನಿಲ್ಲಿಸಿದಳು. "ಗೊತ್ತು ಅಪ್ಪಾ... ಬಾಯಿಗೆ ಬರ್ತಿಲ್ಲ."

ಬಾಯಿಗೆ ಬರ್ತಿಲ್ಲ ಅಂದರೆ ಗೊತ್ತಿಲ್ಲ ಅಂತಲೇ ಅರ್ಥ. ಆದರೆ ಪುಸ್ತಕ ತೆರೆದಿದ್ದಾಗ ಗೊತ್ತಿದೆ ಅನಿಸೋದೂ ಸುಳ್ಳಲ್ಲ. ಮೂರನೇ ಸಲ ಓದುವಾಗ ಸಾಲುಗಳು ಪರಿಚಯವಾಗಿರುತ್ತವೆ, ಕಣ್ಣು ಜಾರಿಕೊಂಡು ಹೋಗುತ್ತದೆ. ಆ ಜಾರಿಕೆಯನ್ನೇ ನಾವು ಕಲಿಕೆ ಅಂದುಕೊಳ್ಳುತ್ತೇವೆ. ದಿನಾ ಬಸ್‌ಸ್ಟಾಪಿನಲ್ಲಿ ನೋಡುವ ಮನುಷ್ಯನ ಮುಖ ಪರಿಚಯ ಇರುತ್ತದೆ, ಹೆಸರು ಕೇಳಿದರೆ? ಹಾಗೆ.

ಇದರ ಬಗ್ಗೆ ಒಂದು ಪ್ರಯೋಗವಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಒಂದು ಸಣ್ಣ ಗದ್ಯಭಾಗ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯಲ್ಲೂ ಅದನ್ನೇ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದರೆ ಓದಿದವರೇ ಮುಂದೆ: ಓದಿದವರಿಗೆ ಶೇಕಡಾ 83, ಬರೆದವರಿಗೆ 71. ಒಂದು ವಾರ ಬಿಟ್ಟು ಪರೀಕ್ಷೆ ಮಾಡಿದಾಗ ಓದಿದವರು 40ಕ್ಕೆ ಇಳಿದಿದ್ದರು, ಬರೆದವರು 61ರಲ್ಲಿ ನಿಂತಿದ್ದರು. ನನಗೆ ಇದಕ್ಕಿಂತ ಮಜಾ ಅನಿಸಿದ್ದು ಇನ್ನೊಂದು. ‘ಒಂದು ವಾರದ ಮೇಲೆ ನಿಮಗೆ ಎಷ್ಟು ನೆನಪಿರುತ್ತೆ’ ಅಂತ ಮೊದಲೇ ಕೇಳಿದಾಗ ಹೆಚ್ಚು ಧೈರ್ಯದಿಂದ ಇದ್ದವರು ಆ ನಾಲ್ಕು ಸಲ ಓದಿದವರೇ! ನಮ್ಮ ಮನೆಯ ಕಥೆ ಅಮೆರಿಕದಲ್ಲೂ ಇದೆ ಅಂತ ಸಮಾಧಾನವಾಯಿತು.

ಯಾಕೆ ಹೀಗೆ? ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಕಲಿಕೆ ಅಂದರೆ ಅವುಗಳ ನಡುವಿನ ಕೊಂಡಿಗಳು ಗಟ್ಟಿಯಾಗುವುದು, ಸಡಿಲವಾಗುವುದು, ಕೆಲವು ಕಡೆ ಹೊಸದಾಗಿ ಹುಟ್ಟುವುದು. ಎರಿಕ್ ಕ್ಯಾಂಡೆಲ್ ಅನ್ನುವ ವಿಜ್ಞಾನಿ ಇದನ್ನು ಒಂದು ಸಮುದ್ರದ ಬಸವನಹುಳದಲ್ಲಿ ತೋರಿಸಿ 2000ದಲ್ಲಿ ನೊಬೆಲ್ ಪಡೆದರು. ನಾವು ನೆನಪನ್ನು ಬೀರುವಿನಲ್ಲಿಟ್ಟ ಸೀರೆ ಅಂದುಕೊಂಡಿದ್ದೇವೆ, ಬೇಕಾದಾಗ ತೆಗೆದು ನೋಡಿ ಹಾಗೇ ಮಡಚಿಡುವುದು ಅಂತ. ಅದು ಹಾಗಲ್ಲ, ಕಾಡಿನ ಕಾಲುದಾರಿಯ ಹಾಗೆ. ಪ್ರತಿ ಸಲ ನಡೆದಾಗಲೂ ದಾರಿ ಸ್ವಲ್ಪ ಸ್ಪಷ್ಟವಾಗುತ್ತದೆ, ನಡೆಯದಿದ್ದರೆ ಹುಲ್ಲು ಬೆಳೆಯುತ್ತದೆ. ಪುಸ್ತಕ ಮತ್ತೆ ಓದುವುದು ಅಂದರೆ ಬೇರೆಯವರು ಆ ದಾರಿಯಲ್ಲಿ ನಡೆಯುವುದನ್ನು ದಿಬ್ಬದ ಮೇಲೆ ಕೂತು ನೋಡಿದ ಹಾಗೆ. (ಈಗಿನ ಮಕ್ಕಳು ಮೊಬೈಲಿನಲ್ಲಿ ಎಐ ಹತ್ತಿರ ಪಾಠದ ಸಾರಾಂಶ ಬರೆಸಿಕೊಂಡು ಓದುತ್ತಾರಲ್ಲ, ಅದು ದಿಬ್ಬದ ಮೇಲೆ ಕುರ್ಚಿಯನ್ನೂ ಹಾಕಿಕೊಂಡ ಹಾಗೆ!)

ಹುಲ್ಲು ಎಷ್ಟು ಬೇಗ ಬೆಳೆಯುತ್ತೆ ಅಂತಲೂ ಲೆಕ್ಕ ಇದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿ ಮಾಡಿಕೊಂಡು, ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಪುಸ್ತಕ ಬರೆದ. ಪುಣ್ಯಾತ್ಮ, ಎಷ್ಟು ತಾಳ್ಮೆ ಇದ್ದಿರಬೇಕು! ಬಾಯಿಪಾಠ ಮಾಡಿದ್ದನ್ನು ಸುಮಾರು ಒಂದು ಗಂಟೆಯ ಮೇಲೆ ಮತ್ತೆ ಕಲಿಯಲು ಹೋದರೆ ಮೊದಲಿನ ಶ್ರಮದಲ್ಲಿ ನೂರಕ್ಕೆ 44ರಷ್ಟು ಮಾತ್ರ ಉಳಿತಾಯ ಆಗುತ್ತಿತ್ತು. ಒಂದು ದಿನದ ಮೇಲೆ ಸುಮಾರು 34, ತಿಂಗಳಿಗೆ 21. ಅಂದರೆ ಮರೆವು ಮೊದಲ ದಿನವೇ ದೊಡ್ಡ ತುತ್ತು ತಿಂದುಬಿಡುತ್ತದೆ, ಆಮೇಲೆ ನಿಧಾನವಾಗಿ ಮೆಲ್ಲುತ್ತದೆ. ಅವನೇ ಇನ್ನೊಂದು ಗಮನಿಸಿದ. ಒಂದೇ ದಿನ ಕೂತು 68 ಸಲ ಪುನರಾವರ್ತನೆ ಮಾಡಿದ್ದಕ್ಕೂ, ಮೂರು ದಿನಕ್ಕೆ ಹಂಚಿ 38 ಸಲ ಮಾಡಿದ್ದಕ್ಕೂ ಫಲ ಹೆಚ್ಚುಕಡಿಮೆ ಒಂದೇ.

ಇದನ್ನೆಲ್ಲ ಓದುತ್ತಾ ಹೋದಂತೆ ನನಗೆ ಒಳಗೊಳಗೇ ನಾಚಿಕೆ ಶುರುವಾಯಿತು. ಯಾಕೆ ಅಂದರೆ, ಇದನ್ನು ನಾನು ಮೊದಲೇ ನೋಡಿದ್ದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ.

ನಮ್ಮಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಸಂಜೆ ಕೈಕಾಲು ತೊಳೆದು, ದೀಪ ಹಚ್ಚಿದ ಮೇಲೆ ಗೋಡೆಗೆ ಒರಗದೆ ಕೂರಬೇಕು. ಮಗ್ಗಿ, ವಾರ, ತಿಥಿ, ನಕ್ಷತ್ರ. ಅದು ಮುಗಿದ ಮೇಲೆ ಶಾಲೆಯ ಪಾಠ. "ಪುಸ್ತಕ ಮುಚ್ಚು. ಈಗ ಹೇಳು ನೋಡಣ." ಇವತ್ತಿನ ಪಾಠ ಕೇಳುತ್ತಿರಲಿಲ್ಲ ಅಪ್ಪ, ಅದೇ ಕಷ್ಟ. "ಹೋದ ಸೋಮವಾರ ಏನು ಮಾಡಿದ್ರು, ಅದು ಹೇಳು" ಅನ್ನುವರು. ಹೋದ ಸೋಮವಾರದ್ದು ಯಾರಿಗೆ ನೆನಪಿರುತ್ತೆ! ತಡವರಿಸುವಾಗ ಸುಮ್ಮನೆ ಕಾಯುವರು. ಹೇಳಿಕೊಡುತ್ತಿರಲಿಲ್ಲ, ಅಡಿಕೆ ಹೋಳು ಕತ್ತರಿಸುತ್ತಾ ಕೂತಿರುವರು. ಆ ಮೌನ ಎಷ್ಟು ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಬಹಳ ಹೊತ್ತಿನ ಮೇಲೆ ಎಲ್ಲಿಂದಲೋ ಒಂದು ತುಂಡು ನೆನಪಿಗೆ ಬಂದರೆ ಅದರ ಬಾಲ ಹಿಡಿದು ಉಳಿದದ್ದೂ ಬರುತ್ತಿತ್ತು. ನೆನಪಿಗೆ ಬಾರದೆ ಒದ್ದಾಡಿ ಎಳೆದು ತಂದದ್ದೇ ಹೆಚ್ಚು ದಿನ ಉಳಿಯುತ್ತೆ ಅಂತ ಈಗ ಓದುತ್ತಿದ್ದೇನೆ.

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಬೆಂಗಳೂರಿಗೆ ಬಂದು ಎರಡು ತಿಂಗಳಿದ್ದರು. ಬಂದ ಎರಡನೇ ದಿನವೇ ಸಂಜೆ ಮೊಮ್ಮಗಳನ್ನು ಕೂರಿಸಿಕೊಂಡು "ಪುಸ್ತಕ ಮುಚ್ಚು" ಶುರುವಾಯಿತು. ಅವಳು ಮುಖ ಸಣ್ಣ ಮಾಡಿಕೊಂಡು ನನ್ನ ಕಡೆ ನೋಡಿದಳು. ನಾನು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಅಪ್ಪ, ಅದೆಲ್ಲ ಹಳೇ ಕಾಲದ್ದು ಬಿಡಿ. ಈಗ ಉರು ಹೊಡಿಸಲ್ಲ, ಕಾನ್ಸೆಪ್ಟ್ ಮುಖ್ಯ" ಅಂದೆ. ಅಪ್ಪ ಏನೂ ಅನ್ನಲಿಲ್ಲ. "ಹೌದನಾ" ಅಂದರು. ಮತ್ತೆ ಒಂದು ದಿನವೂ ಅವಳನ್ನು ಪಾಠ ಕೇಳಲಿಲ್ಲ. ನಾನು ಅದನ್ನು ಮರೆತೂ ಬಿಟ್ಟೆ.

ನನ್ನ ತಪ್ಪು ಎಲ್ಲಿ ಅಂತ ಈಗ ಸ್ಪಷ್ಟವಾಗಿದೆ. ನಾವೆಲ್ಲ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಎಸೆದೆವು. ಉರು ಹೊಡೆಯುವುದು ಬೇರೆ, ಒಪ್ಪಿಸುವುದು ಬೇರೆ. ಗೈಡಿನ ಉತ್ತರವನ್ನು ಅಲ್ಪವಿರಾಮ ಸಮೇತ ಗಿಳಿಪಾಠ ಮಾಡಿ ಕಕ್ಕುವುದನ್ನು ಯಾರೂ ಒಪ್ಪಬೇಕಿಲ್ಲ, ನಾನೂ ಒಪ್ಪಲ್ಲ. ಆದರೆ ಅರ್ಥ ಮಾಡಿಕೊಂಡದ್ದನ್ನು ಪುಸ್ತಕ ಮುಚ್ಚಿ, ತನ್ನ ಮಾತಿನಲ್ಲಿ, ಎದುರಿಗಿರುವವರಿಗೆ ಹೇಳುವುದಿದೆಯಲ್ಲ, ಅದು ಅರ್ಥದ ಶತ್ರು ಹೇಗಾಗುತ್ತೆ? ಅರ್ಥ ಆಗಿದೆಯೋ ಇಲ್ಲವೋ ಅಂತ ಗೊತ್ತಾಗುವುದೇ ಅಲ್ಲಿ. ಮಗ್ಗಿಯ ವಿಷಯದಲ್ಲೂ ಹಾಗೇ. ಒಂದು ಹೊತ್ತಿಗೆ ನಾವು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲದ್ದು ನಾಲ್ಕೈದು ಸಂಗತಿ ಮಾತ್ರ. ಏಳೆಂಟ್ಲ ಎಷ್ಟು ಅಂತ ಬೆರಳು ಎಣಿಸುತ್ತಾ ಕೂತ ಮಗುವಿಗೆ ಬೀಜಗಣಿತದ ಕಾನ್ಸೆಪ್ಟ್ ಇಡಲು ಜಾಗ ಎಲ್ಲಿ ಉಳಿಯುತ್ತೆ?

ಹಾಗಂತ ‘ನಮ್ಮ ಹಿರಿಯರಿಗೆ ಎಲ್ಲಾ ಮೊದಲೇ ಗೊತ್ತಿತ್ತು’ ಅನ್ನುವ ಫಾರ್ವರ್ಡ್ ಮೆಸೇಜಿಗೆ ನನ್ನನ್ನು ಸೇರಿಸಬೇಡಿ. ಅಪ್ಪನ ಹತ್ತಿರ ನಾಗರಬೆತ್ತವೂ ಇತ್ತು. ತಪ್ಪಿದರೆ ಏಟು ಬೀಳುವುದೆಂಬ ಭಯದಲ್ಲಿ ಗೊತ್ತಿದ್ದದ್ದೂ ಮರೆತ ಹುಡುಗರು ನನ್ನ ಕಣ್ಣ ಮುಂದಿದ್ದಾರೆ. ಅವರಲ್ಲಿ ಇಬ್ಬರು ಶಾಲೆಯನ್ನೇ ಬಿಟ್ಟರು. ಕಾಯುವುದರಲ್ಲಿ ಫಲವಿತ್ತು, ಬೆತ್ತದಲ್ಲಿ ಇರಲಿಲ್ಲ. ಇದನ್ನು ಅಪ್ಪನಿಗೆ ಹೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಹೊಸ ಕಾಲದ ಮೂಢನಂಬಿಕೆಗಳೂ ಕಡಿಮೆಯಿಲ್ಲ. ಮಗಳ ಶಾಲೆಯಲ್ಲಿ ಒಮ್ಮೆ ಒಂದು ಪ್ರಶ್ನಪತ್ರಿಕೆ ತುಂಬಿಸಿ ‘ನಿಮ್ಮ ಮಗು ವಿಷುವಲ್ ಲರ್ನರ್’ ಅಂತ ಕಾಗದ ಕೊಟ್ಟಿದ್ದರು. ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಅಂತ ಮಕ್ಕಳನ್ನು ವಿಂಗಡಿಸಿ ಹಾಗೇ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಅನ್ನುವುದಕ್ಕೆ ಸರಿಯಾದ ಪುರಾವೆಯೇ ಇಲ್ಲ ಅಂತ 2008ರಲ್ಲೇ ನಾಲ್ವರು ಮನಶ್ಶಾಸ್ತ್ರಜ್ಞರು ಎಲ್ಲ ಅಧ್ಯಯನಗಳನ್ನು ಜಾಲಾಡಿ ಬರೆದಿದ್ದಾರೆ. ಆದರೂ ಅದು ಸಾಯುತ್ತಿಲ್ಲ. ನಾನು ಆ ಕಾಗದವನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದೆ ಅನ್ನೋದನ್ನೂ ಇಲ್ಲೇ ಒಪ್ಪಿಕೊಂಡುಬಿಡ್ತೀನಿ.

ನಿದ್ದೆಯ ಬಗ್ಗೆ ಒಂದೇ ಮಾತು. ಹಗಲು ಕಲಿತದ್ದನ್ನು ಮಿದುಳು ರಾತ್ರಿ ನಿದ್ದೆಯಲ್ಲಿ ಮತ್ತೆ ಮೆಲುಕು ಹಾಕುತ್ತದೆ, ಆಗಲೇ ಅದು ಗಟ್ಟಿಯಾಗುವುದು. ಎಂಜಿನಿಯರಿಂಗ್ ಓದುವಾಗ ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಚಹಾ ಕುಡಿದು ನೈಟ್ ಔಟ್ ಮಾಡಿದವನು ನಾನು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಸಾಯಿತು. ಇವತ್ತು ಅದರಲ್ಲಿ ನೆನಪಿರುವುದು ಆ ಚಹಾ ಅಂಗಡಿ ಮಾತ್ರ :-) ಮಗಳ ಹನ್ನೊಂದು ಗಂಟೆಯ ಓದನ್ನು ಒಂಬತ್ತೂವರೆಗೆ ನಿಲ್ಲಿಸಿದ್ದೇವೆ.

ಈಗ ಅಪ್ಪನ ವಿಷಯ. ಅಪ್ಪನಿಗೆ ಈಗ 81. ಎರಡು ವರ್ಷದಿಂದ ನಮ್ಮ ಜೊತೆಗೇ ಇದ್ದಾರೆ, ಯಾಕೆಂದರೆ ಒಬ್ಬರನ್ನೇ ಬಿಡುವ ಹಾಗಿಲ್ಲ. ಆಲ್ಜೈಮರ್ ಅಂದಿದ್ದಾರೆ ಡಾಕ್ಟರು. ಮಿದುಳಿನ ಎರಡೂ ಪಕ್ಕದಲ್ಲಿ, ಕಿವಿಯ ನೇರಕ್ಕೆ ಒಳಗಡೆ, ಹಿಪೊಕ್ಯಾಂಪಸ್ ಅಂತ ಒಂದು ಭಾಗವಿದೆ. ಕಡಲ್ಗುದುರೆಯ ಆಕಾರ. ಹೊಸ ಸಂಗತಿಗಳು ನೆನಪಾಗಿ ನಿಲ್ಲಬೇಕಾದರೆ ಅದರ ಮೂಲಕವೇ ಹೋಗಬೇಕು. ಈ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದೇ ಅದರ ಆಸುಪಾಸಿನಲ್ಲಿ. ಅದಿಲ್ಲದಿದ್ದರೆ ಏನಾಗುತ್ತೆ ಅಂತ ಜಗತ್ತಿಗೆ ಗೊತ್ತಾದದ್ದು ಹೆನ್ರಿ ಮೊಲೈಸನ್ ಅನ್ನುವ ಅಮೆರಿಕದವನಿಂದ. 1953ರಲ್ಲಿ, ಅವನಿಗೆ 27 ವರ್ಷವಿದ್ದಾಗ, ಮೂರ್ಛೆರೋಗ ನಿಲ್ಲಿಸಲು ಆ ಭಾಗಗಳ ಬಹುಪಾಲನ್ನು ಆಪರೇಷನ್ ಮಾಡಿ ತೆಗೆದರು. 2008ರಲ್ಲಿ ಸಾಯುವ ತನಕ ಅವನಿಗೆ ಹೊಸ ಮುಖ, ಹೊಸ ದಿನ ಯಾವುದೂ ನಿಲ್ಲಲಿಲ್ಲ. ಆದರೆ ಬ್ರೆಂಡಾ ಮಿಲ್ನರ್ ಅನ್ನುವ ವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಲು ಕೊಟ್ಟಾಗ, ದಿನದಿಂದ ದಿನಕ್ಕೆ ಚೆನ್ನಾಗಿ ತಿದ್ದಿದ. ನಿನ್ನೆ ಮಾಡಿದ್ದೇ ನೆನಪಿರಲಿಲ್ಲ, ಕೈ ಮಾತ್ರ ಕಲಿತಿತ್ತು.

ಹೋದ ಡಿಸೆಂಬರಿನಲ್ಲಿ ಊರಿಗೆ ಕರೆದುಕೊಂಡು ಹೋಗಿದ್ದಾಗ ಅಪ್ಪ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದರು, ಮೊದಲಿನಷ್ಟೇ ಸಲೀಸಾಗಿ. ಬೆಳಿಗ್ಗೆ ತಿಂಡಿ ತಿಂದೆನೋ ಇಲ್ಲವೋ ನೆನಪಿಲ್ಲ, ಹದಿಮೂರರ ಮಗ್ಗಿ ಮಾತ್ರ ಹದಿಮೂರೆಂಟ್ಲ ನೂರಾ ನಾಲ್ಕು ಅಂತ ಓಡುತ್ತದೆ. ಮುಕ್ಕಾಲು ಮಗ್ಗಿಯೂ.

ಆ 9ರ ನಂತರ ಮಗಳಿಗೆ ನಾನು ಹೇಳಿದ್ದು ಇಷ್ಟೇ. ದಿನಾ ಸಂಜೆ ಅಜ್ಜನ ಮುಂದೆ ಕೂತು, ಪುಸ್ತಕ ಮುಚ್ಚಿ, ಪಾಠ ಹೇಳು. ಒಂದು ದಿನ ಇವತ್ತಿನದು, ಇನ್ನೊಂದು ದಿನ ಹೋದ ವಾರದ್ದು. ಮೊದಲ ದಿನ ಅವಳಿಗೆ ನಗು, ಅಪ್ಪನಿಗೆ ಗೊಂದಲ. ಮೂರನೇ ದಿನ ಅಪ್ಪ ತಾವಾಗಿಯೇ ಬೆನ್ನು ನೆಟ್ಟಗೆ ಮಾಡಿ, "ಪುಸ್ತಕ ಮುಚ್ಚು. ಈಗ ಹೇಳು ನೋಡಣ" ಅಂದರು. ನಾನು ಅಡುಗೆಮನೆಗೆ ಹೋಗಿಬಿಟ್ಟೆ.

ಎಲ್ಲ ದಿನವೂ ಸರಾಗವಾಗಿ ನಡೆಯುತ್ತೆ ಅಂತಲ್ಲ. ಕೆಲವು ದಿನ ಅವಳನ್ನು ತಮ್ಮ ತಂಗಿ ಅಂದುಕೊಂಡು ಬೇರೇನೋ ಮಾತು ಶುರುಮಾಡುತ್ತಾರೆ. ಒಂದು ದಿನ ಸಿಟ್ಟು ಬಂದು ಎದ್ದೇ ಹೋದರು. ಅಜ್ಜನಿಗೆ ಅಂಗಾಂಶ ಅಂದರೇನು ಅಂತ ಈಗ ಗೊತ್ತಿಲ್ಲವಾದ್ದರಿಂದ ಅವಳು ಬಿಡಿಸಿ ಹೇಳಬೇಕು. ಹೇಳಿ ಮುಗಿಸಿದ ಐದು ನಿಮಿಷಕ್ಕೆ "ಅದೆಂತದು, ನೀರು ಮೇಲೆ ಹೋಗೋದು?" ಅಂತ ಮತ್ತೆ ಕೇಳುತ್ತಾರೆ. ಅವಳು ಮತ್ತೆ ಹೇಳುತ್ತಾಳೆ. ಊಟದ ಹೊತ್ತಿಗೆ ಮತ್ತೊಮ್ಮೆ. ಇದರಿಂದ ಅಪ್ಪನ ಕಾಯಿಲೆಗೇನೂ ಗುಣವಿಲ್ಲ, ಡಾಕ್ಟರು ಅದನ್ನು ಬಿಚ್ಚಿಯೇ ಹೇಳಿದ್ದಾರೆ. ಮೇಷ್ಟ್ರಾಗಿ ಕೂರುವ ಆ ಅರ್ಧ ಗಂಟೆ ಅವರ ಮುಖ ಬೇರೆ ಇರುತ್ತದೆ ಅನ್ನೋದು ಮಾತ್ರ ನಿಜ.

ಅವತ್ತು ಅಂದ ಮಾತಿಗೆ ಅಪ್ಪನ ಹತ್ತಿರ ತಪ್ಪಾಯ್ತು ಅನ್ನೋಣ ಅಂತ ಒಂದೆರಡು ಸಲ ಹತ್ತಿರ ಹೋಗಿ ಕೂತೆ. ಆದರೆ ನಾನು ಹಾಗೆ ಅಂದದ್ದೇ ಅವರಿಗೆ ನೆನಪಿಲ್ಲ. ಮೊದಲು ಅದನ್ನು ನೆನಪಿಸಿ, ನೋಯಿಸಿ, ಆಮೇಲೆ ಕ್ಷಮೆ ಕೇಳಬೇಕು. ಸುಮ್ಮನೆ ಎದ್ದು ಬಂದೆ.

ಮೊನ್ನೆ ಇನ್ನೊಂದು ಟೆಸ್ಟ್ ಆಯಿತು. 25ಕ್ಕೆ 17. ಪ್ರಶ್ನೆಪತ್ರಿಕೆ ಸುಲಭ ಇದ್ದಿರಬಹುದು, ಒಂದು ಟೆಸ್ಟಿನಿಂದ ಏನೂ ಹೇಳಕ್ಕಾಗಲ್ಲ. ಜೈಲಂ-ಫ್ಲೋಯಂ ಪ್ರಶ್ನೆಗೆ ಮಾತ್ರ ಪೂರ್ತಿ ಅಂಕ ಬಂದಿದೆ.

ಅಪ್ಪ ಹೇಳುವ ಮುಕ್ಕಾಲು ಮಗ್ಗಿಯನ್ನು ನಾನೀಗ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ನಡುವೆ ಕೆಲವು ಕಡೆ ತಪ್ಪುತ್ತಿದೆ, ಹೋದ ವಾರ ಬರುತ್ತಿದ್ದದ್ದು ಈ ವಾರ ಬರುತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಅದು ಪೂರ್ತಿ ಬರುತ್ತಿದ್ದರೆ, ನಿಮ್ಮ ಊರಿನ ರಾಗದಲ್ಲಿ ಹೇಗೆ ಹೇಳುತ್ತಿದ್ದಿರೋ ಹಾಗೆ ಬರೆದು ತಿಳಿಸಿ. ನೋಡದೆ ಬರೆಯಬೇಕು, ಅಷ್ಟೇ :-)